ಮಾವನ ಸಮಾಧಿಗೆ ಹೋದ ತಟ್ಟೆ

ನವೆಂಬರ್ 1, ಆಂಟಿಗುವಾ

ಮಾವನ ಸಮಾಧಿಗೆ ಈ ಸಲವೂ ಒಡಿಲಿಯಾಳ ಫಿಯಾಂಬ್ರೆಯೇ ಹೋಯಿತು.

ಸತ್ತವರ ಹಬ್ಬಕ್ಕೆ ಈ ತಣ್ಣನೆಯ ತರಕಾರಿ-ಮಾಂಸವನ್ನು ನಾನೂ ಮಾಡುತ್ತೇನೆ, ಮೈದುನನ ಹೆಂಡತಿ ಒಡಿಲಿಯಾಳೂ ಮಾಡುತ್ತಾಳೆ. ಸಮಾಧಿಗೆ ಯಾರ ತಟ್ಟೆ ಎಂದು ಅತ್ತೆ ರುಚಿ ನೋಡಿ ಹೇಳುತ್ತಾರೆ. ಈ ವರ್ಷ ಹೊಸದಾಗಿರಲಿ ಎಂದು ಬೀಟ್‌ರೂಟ್ ಹಾಕಿ ಕೆಂಪಗೆ ಮಾಡಿದ್ದೆ. ಎರಡು ದಿನ ತರಕಾರಿ ಹೆಚ್ಚಿದ್ದೇನೆ.

ಅತ್ತೆ ಒಂದು ಚಮಚ ಬಾಯಿಗಿಟ್ಟರು. "ಚೆನ್ನಾಗಿದೆ ಕಣಮ್ಮ. ಆದ್ರೆ ಅವರು ಬದುಕಿದ್ದಾಗ್ಲೇ ಬೀಟ್‌ರೂಟ್ ಮುಟ್ತಿರ್ಲಿಲ್ಲ. ಈಗ ಬೇಡ ಅನ್ನೋಕೂ ಆಗಲ್ಲ, ಪಾಪ."

ಎಲ್ಲರೂ ನಕ್ಕರು. ಹನ್ನೆರಡು ವರ್ಷ ಮಾವನಿಗೆ ಬಡಿಸಿದವಳು ನಾನು. ಅದನ್ನು ಹೇಗೆ ಮರೆತೆ? ಒಡಿಲಿಯಾ ಮಾವನ ಮುಖವನ್ನೇ ನೋಡಿದವಳಲ್ಲ. ಆದರೂ ಅವಳ ತಟ್ಟೆ.

"ಬಣ್ಣ ಮಾತ್ರ ನಿಮ್ದೇ ಚೆಂದ ಅಕ್ಕಾ" ಎಂದಳು. ಅಣಕವಲ್ಲ, ನಿಜವಾಗಿಯೇ ಹೇಳಿದಳು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಮನೆಗೆ ಬಂದು, ಅವಳು ಕೊಟ್ಟ ಡಬ್ಬಿ ತೆರೆದು ನಿಂತೇ ತಿಂದೆ. ಹುಳಿಯ ಹಿಂದೆ ಏನೋ ಇದೆ. ಸಾಸಿವೆಯಲ್ಲ, ಶುಂಠಿಯೂ ಅಲ್ಲ. ಕೇಳಿದರೆ ತಕ್ಷಣ ಹೇಳಿಬಿಡುತ್ತಾಳೆ; ಅದಕ್ಕೇ ಕೇಳುವುದಿಲ್ಲ. ಎರಡು ಚಮಚ ಉಳಿಸಿದ್ದೇನೆ. ನಾಳೆ ಬರಿಹೊಟ್ಟೆಯಲ್ಲಿ ನಾಲಿಗೆಯ ಮೇಲಿಟ್ಟು ನೋಡಿದರೆ ಬಹುಶಃ ಅದೇನೆಂದು ಗೊತ್ತಾದೀತು.