ಇಲಿಕೋಣೆಯ ನೆಗಡಿ

ಮಾರ್ಚ್ 4, ಬೆಳಿಗ್ಗೆ
ಹೊಲಿಗೆ ಮಷೀನಿನ ಬಾಬಿನ್ ಮತ್ತೆ ಕೈಕೊಟ್ಟಿತು. ಬಂದ ಗಿರಾಕಿಗಳಿಗೆಲ್ಲ ಹೇಳಿಬಿಟ್ಟೆ — ಅಕ್ಕನ ಮಗಳು ಪಿಎಚ್‌ಡಿ ಸೇರಿದಳು ಅಂತ. ಇನ್ನೂ ಸೇರಿಲ್ಲ. ಕೆಲವು ವಾರ ಲ್ಯಾಬಿನಲ್ಲಿ ಕೆಲಸ ನೋಡಿ ಆಮೇಲೆ ಸೀಟು ಕೊಡುತ್ತಾರಂತೆ. ಎಲ್ಲೆಲ್ಲಿಯ ಪ್ರೊಫೆಸರುಗಳಿಗೋ ಮೇಲ್ ಹಾಕಿ ಹಾಕಿ ಸೋತಿದ್ದಳು. ಉತ್ತರ ಕೊಟ್ಟವರು ಈ ಮೇಡಂ ಒಬ್ಬರೇ. ಇಲಿಗಳ ಮೇಲೆ ಸಂಶೋಧನೆ. ಬಿಳಿ ಕೋಟು ನಾನೇ ಹೊಲಿದೆ. ಅಂಥ ಕಾಲರ್ ಮೇಡಂ ಕೋಟಿಗೂ ಇರಲಾರದು.
"ನಮ್ಮ ಅಂಗಡಿ ಇಲಿಗಳಿಗೂ ಒಂದು ಸೀಟು ನೋಡೇ."
"ಅವು ನಿನ್ನ ಹತ್ರ ಓದಿದಾವೆ ಮಾವ. ಎಂಟ್ರೆನ್ಸ್ ಪಾಸಾಗಲ್ಲ."

ಮಾರ್ಚ್ 11
ಹುಡುಗಿಗೆ ನೆಗಡಿ. ಕಣ್ಣು ಕೆಂಪು, ಮಣಿಕಟ್ಟಿನ ಮೇಲೆ ದದ್ದು. ಭಾನುವಾರ ಮನೆಯಲ್ಲಿದ್ದಾಗ ಒಂದು ಸೀನೂ ಇರಲಿಲ್ಲ. ಮರುದಿನ ಮತ್ತೆ ಶುರು. ನೆಗಡಿಗೂ ವಾರದ ರಜೆಯೇ?

ಮಾರ್ಚ್ 19, ಸಂಜೆ
ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಎದೆ ಸುಯ್ ಸುಯ್. ತುಟಿ ಬಿಳಿಚಿತ್ತು. ಆಟೋದಲ್ಲಿ ಕೂರಿಸಿಕೊಂಡು ಓಡಿದೆ — ಅಳತೆಯ ಟೇಪು ಕುತ್ತಿಗೆಯಲ್ಲೇ. ಡಾಕ್ಟರ್ ಇನ್ಹೇಲರ್ ಕೊಟ್ಟರು.
"ಇಲಿ ಕೂದಲು, ಧೂಳು ಇವಳಿಗೆ ಆಗಲ್ಲ. ಲ್ಯಾಬಿನ ಇಲಿ ರೂಮಿಗೆ ಹೋಗೋದು ನಿಲ್ಲಿಸಿ. ಒಂದು ದಿನ ಉಸಿರು ಕಟ್ಟಿ ಬಿದ್ದುಬಿಟ್ರೆ?"
ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಮಾವ, ಅಮ್ಮನ ಮೇಲಾಣೆ, ಯಾರಿಗೂ ಹೇಳಬೇಡ. ಮೇಡಂಗೆ ಗೊತ್ತಾದ್ರೆ ಸೀಟು ಹೋಯ್ತು. ಇನ್ಯಾರೂ ಕರೆಯಲ್ಲ ನನ್ನ."
"ಬಾಯಿಗೆ ಜಿಪ್ ಹಾಕ್ಕೊಂಡೆ, ಬಿಡು."
"ನಿನ್ನ ಜಿಪ್ ಎಂಥದ್ದು ಅಂತ ಗಿರಾಕಿಗಳಿಗೆ ಗೊತ್ತು." ನಕ್ಕಳು. ನಗುವಾಗಲೂ ಸುಯ್.

ಮಾರ್ಚ್ 20
ಹೊಲಿಗೆಯೆಲ್ಲ ಓರೆ. ನಾನು ಹೆದರುವ ಆಸಾಮಿಯೇ ಅಲ್ಲ... ಹೆದರಿದ್ದೇನೆ.

ಮಾರ್ಚ್ 24
ಆಣೆ ಮುರಿದೆ. ಕೋಟಿನ ಗುಂಡಿ ಕೊಡುವ ನೆಪದಲ್ಲಿ ಲ್ಯಾಬಿಗೇ ಹೋದೆ. ಮೇಡಂ ಕುರ್ಚಿ ಕೊಟ್ಟರು. ಎಲ್ಲ ಹೇಳಿದೆ. ಒಂದಕ್ಷರವೂ ಸೇರಿಸಲಿಲ್ಲ — ಜನ್ಮದಲ್ಲೇ ಮೊದಲು. ಅವರು ನಕ್ಕುಬಿಟ್ಟರು.
"ಅವಳು ಮೊದಲೇ ಹೇಳಿದ್ಲು. ಮಾವ ಬಂದು ಏನಾದ್ರೂ ಕಥೆ ಕಟ್ತಾರೆ, ನಂಬಬೇಡಿ ಅಂತ. ಇಲಿ ಕಂಡ್ರೆ ನಿಮಗೇ ಭಯವಂತೆ?"
"ಮೇಡಂ, ಇದು ನಿಜ."
"ಕಾಲರ್ ಚೆನ್ನಾಗಿದೆ. ನನಗೂ ಒಂದು ಹೊಲ್ಕೊಡಿ." ಅಳತೆಗೆ ಬರುವ ಮುಂಚೆ ಫೋನ್ ಮಾಡಿ ಎಂದು ನಂಬರು ಕೊಟ್ಟರು. ಡಾಕ್ಟರ್ ಚೀಟಿ ತೋರಿಸೋಣವೆಂದರೆ ಅದು ಅವಳ ಬ್ಯಾಗಿನಲ್ಲಿ.

ಮಾರ್ಚ್ 25, ಮಧ್ಯಾಹ್ನ
ಸೀಟು ಸಿಕ್ಕಿತು. ಬೆಳಿಗ್ಗೆ ಫೋನಿನಲ್ಲಿ ಕಿರುಚಿದಳು — "ಇವತ್ತಿಂದ ಇಲಿಕೋಣೆ ಬೀಗದಕೈ ನಂದೇ ಮಾವ! ಒಳಗೆ ನಾನೊಬ್ಬಳೇ!" ಗಿರಾಕಿಗಳಿಗೆ ಹೇಳಲಿಲ್ಲ. ಆಮೇಲೆ ನಾನೇ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೇಡಂಗೆ ಮಾಡಿದೆ.
"ಇವತ್ತೇನು ಕಥೆ?"
"ಆ ಕೋಣೆ ಬಾಗಿಲು ತೆಗೆದು ನೋಡಿ ಮೇಡಂ. ಕೈ ಮುಗೀತೀನಿ."
ಹೋಗುತ್ತಿದ್ದಾರೆ. ಚಪ್ಪಲಿ ಸದ್ದು ಕೇಳುತ್ತಿದೆ. ಫೋನು ಕಿವಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ, ಕೈ ಸುಮ್ಮನಿರುತ್ತಿಲ್ಲ. ಬಾಗಿಲು ತಟ್ಟಿದರು. ಹೆಸರು ಹಿಡಿದು ಕರೆದರು. ಇನ್ನೊಮ್ಮೆ ಕರೆದರು. ಈ ಸಲ ದನಿಯಲ್ಲಿ ನಗುವಿಲ್ಲ. ಬಾಗಿಲು ತೆಗೆದ ಸದ್ದು, "ಅಯ್ಯೋ, ಬಿದ್ದಿದಾಳೆ, ಇನ್ಹೇಲರ್ ಎಲ್ಲಿ?" ಯಾರೋ ಓಡುತ್ತಿದ್ದಾರೆ —