ಆರು ಒಂಬತ್ತಾದದ್ದು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಲ್ಯಾಬಿನಲ್ಲಿ ನೀನು ಇರುವೆ ಎಂದು ಕರೆಯುತ್ತಿದ್ದವಳ ನಮಸ್ಕಾರ. ಮೂರು ವರ್ಷ ಬಾಯಿ ಹೊಲಿದುಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಲಕೋಟೆ ನೋಡಿಯೇ ಮುಖ ಗಂಟಿಕ್ಕಿರುತ್ತೀಯ. ಗಂಟಿಕ್ಕು, ಆದರೆ ಓದು.

ಮಗಳು ಹುಟ್ಟಿ ಎಪ್ಪತ್ತು ದಿನವಾಯಿತು. ನಿದ್ದೆ ಎಂದರೆ ಯಾರೋ ದೂರದ ನೆಂಟರ ಹೆಸರು ಕೇಳಿದ ಹಾಗಾಗುತ್ತದೆ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅಂಗಾಲು ಸವರುತ್ತೇನೆ. ಬೆರಳು ಮುದುಡಿದರೆ ನನಗೆ ಸಮಾಧಾನ, ಅವಳಿಗೆ ಎಚ್ಚರ. "ಮಗು ಮಲಗಿದ್ರೂ ನಿನಗಾಗಲ್ಲ, ಎದ್ರೂ ಆಗಲ್ಲ" ಎನ್ನುತ್ತಾರೆ ನಮ್ಮತ್ತೆ.

ಹೆರಿಗೆಯಾದ ದಿನ ನರ್ಸಮ್ಮ ಅವಳ ಕಾಲಿಗೆ ನಂಬರಿನ ಪಟ್ಟಿ ಕಟ್ಟಿದರು. ನಾನು ಮೂರು ಸಲ ಓದಿಸಿದೆ. ನಾಲ್ಕನೆಯ ಸಲ, "ಅಲ್ಲಮ್ಮಾ, ಇವತ್ತು ಇಲ್ಲಿ ಹುಟ್ಟಿರೋದೇ ಒಂದು ಮಗು. ಇನ್ಯಾರ ಜೊತೆ ಅದಲುಬದಲಾಗುತ್ತೆ?" ಎಂದರು. ಎಲ್ಲರೂ ನಕ್ಕರು. ಒಂದು ಅಂಕಿ ತಪ್ಪಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಅಕ್ಕಾ, ನೊಣದ ಬೆನ್ನಿನ ಒಂದು ಬಿರುಗೂದಲಿನ ಬುಡದಲ್ಲಿ ಒಂದೇ ನರಕೋಶ. ಕೂದಲು ಬಾಗಿದರೆ ಬುಡ ಆ ಕೋಶವನ್ನು ಒತ್ತುತ್ತದೆ, ಅದರ ಪೊರೆಯಲ್ಲಿರುವ ಪುಟ್ಟ ಬಾಗಿಲುಗಳು ತೆರೆಯುತ್ತವೆ, ವಿದ್ಯುದಂಶ ಹೊತ್ತ ಉಪ್ಪಿನ ಕಣಗಳು ಒಳನುಗ್ಗುತ್ತವೆ. ಮುಟ್ಟಿದ್ದು ವಿದ್ಯುತ್ತಾಗುವುದು ಹಾಗೆ. ನಾನು ಲ್ಯಾಬಿಗೆ ಸೇರಿದ ಮೊದಲ ವಾರ ನೀನೇ ಹೇಳಿಕೊಟ್ಟದ್ದು. ಕೂದಲ ತುದಿ ಕತ್ತರಿಸಿ, ಉಪ್ಪುನೀರು ತುಂಬಿದ ಗಾಜಿನ ನಳಿಕೆಯನ್ನು ಟೋಪಿಯ ಹಾಗೆ ತೊಡಿಸಿ, ನೀನು ಒಂದಿಷ್ಟೇ ಸರಿಸುತ್ತಿದ್ದೆ. ನಳಿಕೆಗೆ ಜೋಡಿಸಿದ ಸ್ಪೀಕರು ಪಟಪಟ ಎಂದರೆ, "ನೋಡೇ, ಮಾತಾಡ್ತಿದೆ" ಎನ್ನುತ್ತಿದ್ದೆ.

೬ ಎಂಬ ಸೀಸೆಯಲ್ಲಿ ಆ ಬಾಗಿಲುಗಳೇ ಇಲ್ಲದೆ ಹುಟ್ಟಿದ ನೊಣಗಳು. ಎಷ್ಟು ಬಾಗಿಸಿದರೂ ಸದ್ದಿಲ್ಲ. ಅದೇ ನಿನ್ನ ಎರಡು ವರ್ಷದ ದುಡಿಮೆ. ೯ರಲ್ಲಿ ಹೋಲಿಸಿ ನೋಡಲು ಎಲ್ಲ ಸರಿಯಿದ್ದ ನೊಣಗಳು. ಬೇರೆಯವರು ಕೈಹಾಕಬಾರದೆಂದು ಕನ್ನಡ ಅಂಕಿ ಬರೆಯೋಣ ಎಂದವಳು ನೀನು. "ಬೀಗ ಯಾಕೆ, ನಮ್ಮ ಲಿಪಿನೇ ಬೀಗ" ಎಂದು ನಕ್ಕಿದ್ದೆ.

ನಿನಗೆ ಜ್ವರ ಬಂದ ವಾರ ನೊಣಗಳನ್ನು ಹೊಸ ಸೀಸೆಗೆ ದಾಟಿಸಿದ್ದು ನಾನು. ಚೀಟಿಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಬಾಲದ ತಿರುವು. ನನ್ನ ಕಾಗೆಕಾಲು ಗುಬ್ಬಿಕಾಲು ಬರಹದಲ್ಲಿ ಅದೂ ಇರಲಿಲ್ಲ. ಆರು ಒಂಬತ್ತಾಯಿತು, ಒಂಬತ್ತು ಆರಾಯಿತು.

ಆ ಶುಕ್ರವಾರ ಪರೀಕ್ಷಕರ ಮುಂದೆ ನೀನು ೬ರ ನೊಣ ತೆಗೆದು ಕೂದಲು ಸರಿಸಿದೆ. ಸ್ಪೀಕರು ಪಟಪಟ ಎಂದಿತು. ಇನ್ನೊಂದು ನೊಣ. ಅದೂ ಹಾಗೇ. ನಮ್ಮಿಬ್ಬರಿಗೂ ಮಾರ್ಗದರ್ಶಕರಾಗಿದ್ದ ಮೇಷ್ಟ್ರು, "ಎರಡು ವರ್ಷ ಕಿವೀಲಿ ಹತ್ತಿ ಇಟ್ಕೊಂಡು ಕೆಲಸ ಮಾಡಿದ್ಯೇನಮ್ಮ?" ಎಂದು ಎದ್ದು ಹೋದರು. ಪರೀಕ್ಷಕರೂ ಅವರ ಹಿಂದೆಯೇ ಎದ್ದರು, ೯ನ್ನು ತೋರಿಸೋಣವೆಂದರೆ ನೋಡಲು ಯಾರೂ ಉಳಿದಿರಲಿಲ್ಲ. ನೀನು ನನ್ನತ್ತ ನೋಡಿದೆ, ಅನುಮಾನದಿಂದಲ್ಲ, ಒಬ್ಬರಾದರೂ ನಿನ್ನ ಕಡೆ ಇರಲೆಂದು. ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಸೋಮವಾರದ ಸಮಿತಿ ಸಭೆ ನಿನ್ನ ಫಲಿತಾಂಶಗಳೆಲ್ಲ ಕಟ್ಟುಕಥೆ ಎಂದು ತೀರ್ಮಾನಿಸಿತು. ನೀನು ಹೊರಟುಹೋದೆ.

ತಿಂಗಳಾದ ಮೇಲೆ ಹಳೆಯ ಸೀಸೆ ತೊಳೆಯುವಾಗ ಚೀಟಿ ನೋಡಿ ನನಗೆ ವಿಷಯ ತಿಳಿಯಿತು. ಇನ್ನು ಹೇಳಿ ಏನು ಬಂತು ಎಂದು ಸುಮ್ಮನಾದೆ. ಕೂದಲನ್ನು ಬಾಗಿಸಿಯೇ ಹಿಡಿದರೆ ಸದ್ದು ಬರುಬರುತ್ತಾ ಇಳಿಯುತ್ತದಲ್ಲ, ಕೋಶ ಒಗ್ಗಿಹೋಗುತ್ತದಲ್ಲ, ನನಗೂ ಹಾಗೇ ಒಗ್ಗಿತ್ತು.

ನೀನು ಶ್ರವಣಯಂತ್ರದ ಅಂಗಡಿಯಲ್ಲಿ ಮುದುಕರ ಕಿವಿಗೆ ಯಂತ್ರ ಕೂರಿಸುತ್ತಿದ್ದೀಯೆಂದೂ, ಮತ್ತೆ ಸಂಶೋಧನೆಗೆ ಅರ್ಜಿ ಹಾಕಲಿರುವೆಯೆಂದೂ, ಮೇಷ್ಟ್ರು ಒಂದು ಸಾಲು ಬರೆದುಕೊಡಲೂ ಒಪ್ಪಲಿಲ್ಲವೆಂದೂ ಲೈಬ್ರರಿಯ ಮೇಡಂ ಹೇಳಿದರು. ಅರ್ಜಿಗೆ ಕೊನೆಯ ದಿನ ಈ ತಿಂಗಳ ಮೂವತ್ತಂತೆ. ಮೇಷ್ಟ್ರಿಗೂ ಸಮಿತಿಗೂ ಎಲ್ಲ ಬರೆದಿದ್ದೇನೆ, ಪ್ರತಿ ಇದರ ಜೊತೆಗಿದೆ. ಯಜಮಾನರಿಗೆ ಹೇಳಿದಾಗ, "ಪದವಿನೂ ಹೋಗುತ್ತೆ, ಮಾನನೂ ಹೋಗುತ್ತೆ. ಯೋಚನೆ ಮಾಡು" ಎಂದರು. ಸ್ವಲ್ಪ ಹೊತ್ತು ಮಗುವನ್ನು ಎತ್ತಿಕೊಂಡು ತಿರುಗಾಡಿ, ಅಂಚೆಚೀಟಿ ತಂದುಕೊಟ್ಟರು.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಮಗು ಏಳುತ್ತಿದೆ.

ಒಂದು ಕಾಲದಲ್ಲಿ ನಿನ್ನ ತಂಗಿಯಂತಿದ್ದ
ಇರುವೆ

ಮರೆತದ್ದು: ಮರೆತದ್ದೇನಲ್ಲ. ತಿಂಗಳಾದ ಮೇಲೆ ತಿಳಿಯಿತು ಎಂದೆನಲ್ಲ, ಅದು ಸುಳ್ಳು. ಶುಕ್ರವಾರ ಸಂಜೆಯೇ, ಎಲ್ಲರೂ ಹೋದ ಮೇಲೆ, ೯ರ ಸೀಸೆಯಿಂದ ಐದು ನೊಣ ತೆಗೆದು ನಾನೇ ಕೂದಲು ಸರಿಸಿ ನೋಡಿದೆ. ಒಂದೂ ಮಾತಾಡಲಿಲ್ಲ. ಸಭೆಗೆ ಇನ್ನೂ ಎರಡು ದಿನವಿತ್ತು. ಹೇಳಿದ್ದರೆ ನನ್ನ ಸಂಶೋಧನೆಯ ಸೀಟು ಹೋಗುತ್ತಿತ್ತು. ಮುಂದಿನ ವಾರ ಆ ನೊಣಗಳಿಗೆ ಬೇರೆ ಅಂಕಿ ಕೊಟ್ಟು ನನ್ನವಾಗಿಸಿಕೊಂಡೆ. ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಅವೇ. ಮೇಷ್ಟ್ರಿಗೆ ಬರೆದ ಪತ್ರದಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ನಿನಗೆ ಬರೆಯುವಾಗ ಮಾತ್ರ ಕೈ ಏಳಲಿಲ್ಲ.