ಪಾನಿ ಬೊಗುಮಿವಾ ಕೊಟ್ಟ ದಿವಾನ

ಪ್ರೀತಿಯ ಮೆಲಾನಿಯಾ ಅಕ್ಕಾ,

"ನಗೋ ಸುದ್ದಿ ಇದ್ರೆ ಬರಿಯೇ, ಅಳೋದಕ್ಕೆ ಹಾರ್ಕಿವ್‌ನಲ್ಲೇ ಬೇಕಾದಷ್ಟಿದೆ" ಅಂದಿದ್ದೆಯಲ್ಲ, ಬರೆಯುತ್ತಿದ್ದೇನೆ. ನಿನ್ನ ವಾರ್ಡಿನಲ್ಲಿ ರೋಗಿಗಳಿಂದ ಬಿಡುವಾದಾಗ ಓದು.

ಲುಬ್ಲಿನ್‌ನ ಈ ಕೋಣೆಗೆ ಬಂದಾಗ ಇದ್ದದ್ದು ಒಂದು ಮಡಚುವ ಮಂಚ, ಅದೂ ಕಾಲು ಮುರಿದದ್ದು. ಎದುರುಮನೆಯ ಅಜ್ಜಿ ಪಾನಿ ಬೊಗುಮಿವಾ ನೋಡಿದರು. (ಪಾನಿ ಅನ್ನದೆ ಇಲ್ಲಿ ದೊಡ್ಡ ಹೆಂಗಸರನ್ನು ಕರೆಯುವ ಹಾಗಿಲ್ಲ.) "ನಮ್ಮನೇಲಿ ಒಳ್ಳೇ ದಿವಾನ ಸುಮ್ನೆ ಬಿದ್ದಿದೆ, ತಗೋಮ್ಮ" ಅಂದರು. ನನಗೆ ಹಿಗ್ಗೋ ಹಿಗ್ಗು. ಪೋಲಿಷ್ ಅರ್ಧ ನಮ್ಮ ಭಾಷೆಯೇ ಎಂದು ಬೀಗಿ, ಮಂಚವನ್ನು ಅವತ್ತೇ ಗುಜರಿಗೆ ಹಾಕಿದೆ. ಸಂಜೆ ಅವರ ಅಳಿಯ ಹೆಗಲ ಮೇಲೆ ಹೊತ್ತು ತಂದದ್ದು ಸುರುಳಿ ಸುತ್ತಿದ ರತ್ನಗಂಬಳಿ! ನಾವು ಸೋಫಾಕ್ಕೆ ದಿವಾನ ಅಂತೀವಲ್ಲ, ಇವರು ಕಾಲಡಿಗೆ ಹಾಸುವುದಕ್ಕೆ ಅಂತಾರೆ. ಉಳಿದದ್ದು ಹಿಂದೆ ಬರುತ್ತಿದೆಯೇನೋ ಎಂದು ಬಾಗಿಲು ತೆರೆದಿಟ್ಟುಕೊಂಡು ಕಾದೆ ಕಣೇ.

ಹೇಗೆ ಹೇಳಲಿ? ಕೊಟ್ಟವರ ಮುಖದಲ್ಲಿ ಅಷ್ಟು ಸಂತೋಷ. ಕೋಟು ಹೊದ್ದು ಅದರ ಮೇಲೇ ಮಲಗಿದೆ. ಒಂದು ಭಾನುವಾರ ಸೇಬಿನ ಕೇಕು ಹಿಡಿದು ಬಂದ ಪಾನಿ, ನೆಲದ ಮೇಲಿನ ದಿಂಬು ನೋಡಿ ನಿಂತುಬಿಟ್ಟರು. "ನಿಮ್ಮ ಕಡೆ ಹೀಗೇ ಮಲಗ್ತೀರಾ ಮಗಳೇ?" ಮಾನ ಉಳಿಸಿಕೊಳ್ಳಲು, "ಹೂಂ, ನಮ್ಮಲ್ಲಿ ಇದೇ ಪದ್ಧತಿ, ಬೆನ್ನಿಗೆ ಒಳ್ಳೇದು" ಅಂದೆ. ಇಡೀ ಉಕ್ರೇನನ್ನು ನೆಲದ ಮೇಲೆ ಮಲಗಿಸಿಬಿಟ್ಟೆ! ಸುದ್ದಿ ಹಬ್ಬಿ ಮೇಲಿನ ಮಹಡಿಯವರು ಇನ್ನೊಂದು ರತ್ನಗಂಬಳಿ ತಂದುಕೊಟ್ಟರು. ಆಮೇಲೆ ಕೆಳಗಿನವರೂ. ನಮ್ಮ ಪದ್ಧತಿಗೆ ಗೌರವ.

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇದನ್ನು ಹೇಳಹೋದೆ. ನನ್ನ ಪೋಲಿಷ್‌ನಲ್ಲಿ ನಗು ಹುಟ್ಟಲಿಲ್ಲ. ಕೋಣೆಗೆ ಬಂದು ಒಬ್ಬಳೇ ನಕ್ಕರೆ ಬೇರೆ ಯಾರೋ ನಕ್ಕಂತಾಗಿ ಬಾಯಿ ಮುಚ್ಚಿಕೊಂಡೆ.

ಕೊನೆಗೆ ಸೊಂಟ ಹಿಡಿದುಕೊಂಡಿತು. ನೋಡಲು ಬಂದ ಪಾನಿಗೆ ಇದ್ದದ್ದನ್ನು ಹೇಳಿಬಿಟ್ಟೆ. "ಯೇಸುವೇ! ಬೀದಿಗೆಲ್ಲ ನಿಮ್ಮ ಪದ್ಧತಿ ಸಾರಿ ಬಂದೆನಲ್ಲೇ ಹುಡುಗಿ!" ಎಂದು ನಗುತ್ತ ನನ್ನ ಪಕ್ಕ ನೆಲದಲ್ಲೇ ಕುಳಿತರು. ನಾನೂ ನಕ್ಕೆ. ಯಾವಾಗ ಅಳತೊಡಗಿದೆನೋ ತಿಳಿಯಲಿಲ್ಲ. ಅವರು ಬೆನ್ನು ನೀವಿದರು. ಆಮೇಲೆ ಮಂಡಿನೋವಿಗೆ ಅವರಿಗೂ ಏಳಲಾಗದೆ, ಇಬ್ಬರೂ ಸೇರಿ ಅಳಿಯನನ್ನು ಕೂಗಿಕೊಂಡೆವು.

ಈ ಶನಿವಾರ ನಿಜವಾದ ಸೋಫಾ ಬಂತು. ಬಿಡಿಸಿದರೆ ಇಬ್ಬರಿಗಾಗುವಷ್ಟು ಅಗಲ. ಆದರೂ ಗೋಡೆಗೆ ಒತ್ತಿಕೊಂಡೇ ಮಲಗುತ್ತೇನೆ. "ಬಿದ್ರೆ ನಾನು ಬೀಳ್ತೀನಿ, ನೀನು ಒಳಗೆ ಮಲ್ಕೋ" ಎಂದು ಚಿಕ್ಕಂದಿನಿಂದ ಹೊರಬದಿ ನೀನೇ ಇಟ್ಟುಕೊಂಡಿದ್ದೆ. ಬಾಂಬು ಬೀಳುತ್ತಿದ್ದ ಊರಿಂದ ನನ್ನನ್ನು ರೈಲು ಹತ್ತಿಸಿ ನೀನು ಆಸ್ಪತ್ರೆಗೆ ವಾಪಸು ಹೋದ ದಿನವೂ ಹಾಗೇ ಮಾಡಿದೆ.

ನಿನ್ನ ತಲೆಯ ಮೇಲಿನ ಆಕಾಶ ಸದ್ದಿಲ್ಲದಿರಲಿ. ನಿನಗೆ ಪೂರ್ತಿ ಒಂದು ನಿದ್ದೆ ಸಿಗಲಿ.

ಗೋಡೆ ಬದಿಯ ನಿನ್ನ ತಂಗಿ,
ಯಾರಿನಾ